ಅಂಗೈಯಗಲದ ಸೈನ್ಯವೂ ನಮ್ಮ ಕೈಕೆಲಸದ ಕೊಠಡಿಯೂ

ಶಾಲೆಯೊಂದರ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯಲ್ಲಿ ಗುರುಹಿರಿಯರ ಸ್ಮರಣೆ, ಸಂಸ್ಥೆ ನಡೆದು ಬಂದ ದಾರಿ, ಗಡಿನಾಡಿನಲ್ಲಿ ಕನ್ನಡದ ಅಳಿವು ಉಳಿವು ಇವುಗಳ ಕುರಿತಾದ ಬರಹಗಳು ಇರುವುದು ವಾಡಿಕೆ. ಅವನ್ನು ನನಗಿಂತ ಅಧಿಕಾರಯುತವಾಗಿ ಬರೆಯಬಲ್ಲ ಹಿರಿಯರು ನಮ್ಮಲ್ಲಿದ್ದಾರೆ. ನಾನು ಒಂದು ಆಟದ ವಿಷಯವನ್ನು ಎತ್ತಿಕೊಂಡಿದ್ದೇನೆ. ಹೆಬ್ಬೆರಳಿನಷ್ಟು ಎತ್ತರದ ಬೊಂಬೆಗಳಿಗೆ ಬಣ್ಣ ಹಚ್ಚಿ, ಅವು ನಿಲ್ಲುವುದಕ್ಕೆ ಬೆಟ್ಟ, ಹೊಳೆ, ಕಾಡು, ಕೋಟೆಗಳನ್ನು ಮೇಜಿನ ಮೇಲೆ ಕಟ್ಟಿ, ಇಬ್ಬರು ಎದುರುಬದುರಾಗಿ ನಿಂತು ದಾಳ ಉರುಳಿಸಿ ಆಡುವ ಯುದ್ಧದಾಟವದು. ಮಹೋತ್ಸವದ ನಿಧಿಯಿಂದ ಶಾಲೆಗೆ ಏನೇನು ಆಗಬೇಕೆಂಬ ಚರ್ಚೆ ನಡೆಯುತ್ತಿರುವ ಈ ಹೊತ್ತಿನಲ್ಲಿ ಆ ಆಟದಿಂದ ನಾವು ತಿಳಿಯತಕ್ಕ ಸಂಗತಿಯೊಂದಿದೆ ಎಂಬುದು ನನ್ನ ಅಭಿಪ್ರಾಯ.

ಉದ್ಯೋಗ ನಿಮಿತ್ತ ನಾನು ಕೆಲವು ವರ್ಷ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಲ್ಲಿದ್ದೆ. ಈ ಹವ್ಯಾಸಕ್ಕೆ ಆ ನಗರವು ತವರುಮನೆಯಿದ್ದಂತೆ. 1975ರಲ್ಲಿ ಮೂವರು ಗೆಳೆಯರು ಲಂಡನ್ನಿನಲ್ಲಿ ಆರಂಭಿಸಿದ ಗೇಮ್ಸ್ ವರ್ಕ್‌ಶಾಪ್ ಎಂಬ ಸಂಸ್ಥೆಯ ಕೇಂದ್ರ ಕಚೇರಿ ಇಂದು ಅಲ್ಲಿಯ ಲೆಂಟನ್ ಎಂಬಲ್ಲಿದೆ. ಬೊಂಬೆಗಳನ್ನು ಎರಕ ಹೊಯ್ಯುವ ಸಿಟಡೆಲ್ ಸಂಸ್ಥೆ 1979ರಲ್ಲಿ ಸಮೀಪದ ನ್ಯೂವಾರ್ಕ್ ಪಟ್ಟಣದಲ್ಲಿ ಹುಟ್ಟಿತು. 1983ರಲ್ಲಿ ಬಂದ ವಾರ್‌ಹ್ಯಾಮರ್ ಎಂಬ ಆಟ ರಾಕ್ಷಸರು, ಕುಬ್ಜರು, ಮಾಯಾವಿಗಳ ಕಲ್ಪನಾಲೋಕವನ್ನು ಮೇಜಿನ ಮೇಲೆ ತಂದಿತು. ಸಂಜೆಯ ಹೊತ್ತು ಕ್ಲಬ್ಬಿನ ಮೇಜಿನ ಸುತ್ತ ನಿವೃತ್ತ ರೈಲ್ವೆ ನೌಕರರೂ ಹೈಸ್ಕೂಲು ಹುಡುಗರೂ ಸರಿಸಮಾನರಾಗಿ ಕುಳಿತು ಬಣ್ಣ ಹಚ್ಚುತ್ತಿದ್ದುದನ್ನು ನಾನು ಕಂಡಿದ್ದೇನೆ. ವಯಸ್ಸಿನ ಅಂತರವನ್ನು ಅಷ್ಟು ಸಹಜವಾಗಿ ಮರೆಸುವ ಸಂದರ್ಭಗಳು ಯಾವ ದೇಶದಲ್ಲಾದರೂ ವಿರಳ.

ಇದು ನಮಗೆ ತೀರ ಪರಕೀಯವೆಂದೂ ಹೇಳುವಂತಿಲ್ಲ. ಆನೆ, ಕುದುರೆ, ರಥ, ಪದಾತಿಗಳೆಂಬ ನಾಲ್ಕು ಅಂಗಗಳ ಸೇನೆಯನ್ನು ಮೊದಲು ಹಲಗೆಯ ಮೇಲೆ ನಿಲ್ಲಿಸಿದ್ದು ನಮ್ಮ ಚತುರಂಗ. ಅದು ಪರ್ಷಿಯ ಮತ್ತು ಅರಬ್ಬರ ನಾಡುಗಳ ಮೂಲಕ ಯುರೋಪನ್ನು ತಲಪಿ ಚೆಸ್ ಆಯಿತು. 1780ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್ ನಗರದ ಹೆಲ್‌ವಿಗ್ ಎಂಬ ಅಧ್ಯಾಪಕನು ಚೆಸ್ ಹಲಗೆಯನ್ನು ಹಿಗ್ಗಿಸಿ, ಚೌಕಗಳಿಗೆ ಬೇರೆ ಬೇರೆ ಬಣ್ಣ ಕೊಟ್ಟು, ಇದು ಬೆಟ್ಟ, ಇದು ನೀರು, ಇದು ಜೌಗು ಎಂದು ಗುರುತಿಸಿದನು. 1812ರಲ್ಲಿ ರೈಸ್‌ವಿಟ್ಸ್ ಎಂಬವನು ಪ್ರಷ್ಯದ ಅರಸನಿಗೆ ಒಪ್ಪಿಸಿದ ಮೇಜಿನಲ್ಲಿ ನೆಲದ ಏರುತಗ್ಗುಗಳನ್ನೇ ಸುಣ್ಣದ ಗಾರೆಯಂತಹ ಪ್ಲಾಸ್ಟರಿನ ತುಂಡುಗಳಲ್ಲಿ ಮಾಡಿಡಲಾಗಿತ್ತು. ಅವನ ಮಗ 1824ರಲ್ಲಿ ಅದನ್ನು ನಕ್ಷೆಯ ಮೇಲಿನ ಆಟವನ್ನಾಗಿ ತಿದ್ದಿದ ಮೇಲೆ ಅದು ಸೇನಾಧಿಕಾರಿಗಳ ಶಿಕ್ಷಣಕ್ಕೂ ಬಳಕೆಯಾಯಿತು. ಹೀಗೆ ನಮ್ಮಿಂದ ಹೋದ ಬೀಜವೊಂದು ಬೇರೆ ನೆಲದಲ್ಲಿ ಬೇರೆ ಮರವಾಗಿ ಬೆಳೆದಿದೆ.

ಇನ್ನು ಕೆಲಸದ ಕ್ರಮ. ಇಂದಿನ ಬೊಂಬೆಗಳಲ್ಲಿ ಮನುಷ್ಯಾಕೃತಿಯ ಎತ್ತರ ಸುಮಾರು 28 ಮಿಲಿಮೀಟರ್. ಹಿಂದೆ ಸೀಸ ಬೆರೆತ ಲೋಹದಲ್ಲಿ ಎರಕ ಹೊಯ್ಯುತ್ತಿದ್ದರು. ಈಗ ಹೆಚ್ಚಿನವು ಪ್ಲಾಸ್ಟಿಕ್ ಅಥವಾ ರಾಳದವು. ಮೊದಲು ಅಚ್ಚಿನ ಎರಡು ಭಾಗಗಳು ಕೂಡಿದಲ್ಲಿ ಉಳಿದ ಗೆರೆಯನ್ನು ಚೂರಿಯಿಂದ ಹೆರೆದು ತೆಗೆಯಬೇಕು. ಅನಂತರ ತಳಬಣ್ಣ. ಅದು ಒಣಗಿದ ಮೇಲೆ ನೀರು ಬೆರೆಸಿ ತೆಳುಮಾಡಿದ ಬಣ್ಣವನ್ನು ಒಂದರ ಮೇಲೊಂದರಂತೆ ಎರಡು ಮೂರು ಬಾರಿ ಕೊಡಬೇಕು. ಒಮ್ಮೆಗೇ ದಪ್ಪವಾಗಿ ಬಳಿದರೆ ಕಣ್ಣು, ಮೂಗು, ಕವಚದ ಕೆತ್ತನೆ ಎಲ್ಲವೂ ಮುಚ್ಚಿಹೋಗುತ್ತವೆ. ಬಳಿಕ ಕಡುಬಣ್ಣದ ತಿಳಿಯನ್ನು ಹರಿಯಬಿಟ್ಟರೆ ಅದು ಬಟ್ಟೆಯ ನೆರಿಗೆಗಳಲ್ಲಿ ತಂಗಿ ನೆರಳಾಗುತ್ತದೆ. ಕುಂಚದ ಬಣ್ಣವನ್ನು ಬಹುಪಾಲು ಬಟ್ಟೆಗೆ ಒರಸಿ, ಒಣಗಿದಂತಿರುವ ಕುಂಚವನ್ನು ಮೇಲ್ಮೈಯ ಮೇಲೆ ಹಗುರಾಗಿ ಆಡಿಸಿದರೆ ಉಬ್ಬುಗಳು ಮಾತ್ರ ಬೆಳಕು ಹಿಡಿಯುತ್ತವೆ. ಹೊಸಬರು ಅತಿ ಸಣ್ಣ ಕುಂಚವನ್ನೇ ಹುಡುಕುತ್ತಾರೆ. ಆದರೆ ಅಷ್ಟು ಸಣ್ಣದರಲ್ಲಿ ಬಣ್ಣ ಬೊಂಬೆಗೆ ತಾಗುವ ಮೊದಲೇ ಒಣಗಿಬಿಡುತ್ತದೆ. ಪಳಗಿದವರು ಹಿಡಿಯುವುದು ಮಧ್ಯಮ ಗಾತ್ರದ, ತುದಿ ಚೂಪಾಗಿ ನಿಲ್ಲುವ ಕುಂಚವನ್ನು.

ನೆರಳನ್ನೂ ಬೆಳಕನ್ನೂ ಬಣ್ಣದಿಂದಲೇ ಬರೆಯುವುದೇಕೆ ಎಂದು ಕೇಳಬಹುದು. ಇಷ್ಟು ಚಿಕ್ಕ ಆಕೃತಿಯ ಮೇಲೆ ನಿಜವಾದ ಬೆಳಕು ಬಿದ್ದಾಗ ಮೂಡುವ ನೆರಳು ಒಂದು ಮಾರು ದೂರದಿಂದ ಕಣ್ಣಿಗೆ ಕಾಣುವಷ್ಟು ಇರುವುದಿಲ್ಲ. ಆದುದರಿಂದ ಇರುವುದಕ್ಕಿಂತ ಹೆಚ್ಚುಮಾಡಿ ತೋರಿಸಬೇಕಾಗುತ್ತದೆ. ಪಾರ್ತಿಸುಬ್ಬನ ಸೀಮೆಯವರಾದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಕ್ಕಿಹಿಟ್ಟು ಸುಣ್ಣಗಳನ್ನು ಕಲಸಿ, ತಾಸುಗಟ್ಟಲೆ ಕುಳಿತು ಮುಖದ ಮೇಲೆ ಚುಟ್ಟಿ ಇಡುವ ಬಣ್ಣದ ವೇಷಧಾರಿಯೂ ಮಾಡುವುದು ಇದನ್ನೇ. ದೀವಟಿಗೆಯ ಮಂದ ಬೆಳಕಿನಲ್ಲಿ, ಗದ್ದೆಯ ಆಚೆ ಬದಿಯಲ್ಲಿ ಕುಳಿತವನಿಗೂ ರಾವಣನ ಕೋಪ ಕಾಣಬೇಕಾದರೆ ಮುಖವನ್ನು ಮುಖಕ್ಕಿಂತ ದೊಡ್ಡದಾಗಿಸಬೇಕು. ಒಂದು ಕಡೆ ದೂರ, ಇನ್ನೊಂದು ಕಡೆ ಗಾತ್ರ. ತೊಡಕು ಬೇರೆಯಾದರೂ ಪರಿಹಾರ ಒಂದೇ.

ನೆಲವನ್ನು ಕಟ್ಟುವ ಕೆಲಸದಲ್ಲಿ ಕಲ್ಪನೆಗೆ ಇನ್ನೂ ಹೆಚ್ಚಿನ ಅವಕಾಶವಿದೆ. ಅಲ್ಲಿ ರೂಢಿಯಲ್ಲಿರುವ ಮೇಜು ಆರಡಿ ಉದ್ದ, ನಾಲ್ಕಡಿ ಅಗಲದ್ದು. ಥರ್ಮಕೋಲಿನಂತಹ ಹಗುರ ಹಲಗೆಯನ್ನು ಕೊಯ್ದು ಗುಡ್ಡ ಮಾಡುತ್ತಾರೆ. ಅಂಟು ಬಳಿದು ಮರಳು ಉದುರಿಸಿದರೆ ನೆಲ. ಮರದ ಹುಡಿಗೆ ಹಸಿರು ಬಣ್ಣ ಕಲಸಿ ಚೆಲ್ಲಿದರೆ ಹುಲ್ಲು. ಬಳಸಿ ಒಣಗಿಸಿದ ಚಹಾಪುಡಿ ಕಾಡಿನ ತರಗೆಲೆ. ತೆಂಗಿನ ನಾರು ಎತ್ತರದ ಜೊಂಡು. ಇಂಗ್ಲೆಂಡಿನ ಹವ್ಯಾಸಿಯೊಬ್ಬರು ತೆಂಗಿನ ನಾರನ್ನು ಪೊಟ್ಟಣದಲ್ಲಿ ಹಣ ಕೊಟ್ಟು ತರುವುದನ್ನು ಕಂಡಾಗ ನಮ್ಮ ಹಿತ್ತಿಲು ನೆನಪಾಗಿ ನನಗೆ ನಗು ಬಂದಿತ್ತು.

ಈ ಆಟದಲ್ಲಿ ನನ್ನ ಗೌರವವನ್ನು ಗಳಿಸಿದ ಅಂಶವೊಂದಿದೆ. ವಾರ್‌ಹ್ಯಾಮರ್ ಬಳಗದ 40,000 ಎಂಬ ಆಟಕ್ಕೆ 2020ರಲ್ಲಿ ಬಂದ ನಿಯಮಾವಳಿಯಲ್ಲಿ ಒಟ್ಟು ನೂರು ಅಂಕಗಳ ಪೈಕಿ ಹತ್ತು ಅಂಕಗಳನ್ನು ಸೈನ್ಯಕ್ಕೆ ಪೂರ್ತಿ ಬಣ್ಣ ಹಚ್ಚಿ ತಂದವರಿಗೆ ಮೀಸಲಿಟ್ಟರು. ಗೆಲ್ಲುವ ಚಾತುರ್ಯ ಎಷ್ಟೇ ಇರಲಿ, ಕೈಯಿಂದ ದುಡಿಯದೆ ಬಂದವನಿಗೆ ಆ ಹತ್ತು ದಕ್ಕುವುದಿಲ್ಲ. ಬಣ್ಣಗಾರಿಕೆಗೆಂದೇ 1987ರಿಂದ ಗೋಲ್ಡನ್ ಡೀಮನ್ ಎಂಬ ಸ್ಪರ್ಧೆ ನಡೆದುಬಂದಿದೆ. ಅದರ ಅತ್ಯುನ್ನತ ಬಹುಮಾನ ಒಂದು ಖಡ್ಗ. ಆಟವಾಡುವುದನ್ನೇ ಬಿಟ್ಟು ಬಣ್ಣ ಹಚ್ಚುವುದರಲ್ಲೇ ಜೀವನದ ಬಿಡುವನ್ನೆಲ್ಲ ಕಳೆದವರೂ ಉಂಟು. ಒಂದು ಬೊಂಬೆಗೆ ಮೂರು ಸಂಜೆ ಕೊಟ್ಟ ಹುಡುಗ ಅದನ್ನು ಪೆಟ್ಟಿಗೆಗೆ ಎಸೆಯುವುದಿಲ್ಲ. ಹತ್ತಿ ಸುತ್ತಿ ಇಡುತ್ತಾನೆ. ತಾನು ಮಾಡಿದ ವಸ್ತುವಿನ ಬೆಲೆ ತಿಳಿದವನಿಗೆ ಇನ್ನೊಬ್ಬರು ಮಾಡಿದ್ದರ ಬೆಲೆಯೂ ತಿಳಿಯುತ್ತದೆ.

ಎರಡು ಆಕ್ಷೇಪಗಳು ಬರುವುದು ಖಂಡಿತ. ಮೊದಲನೆಯದು, ಮಕ್ಕಳಿಗೆ ಯುದ್ಧವನ್ನು ಕಲಿಸುವುದು ಸರಿಯೇ ಎಂಬುದು. ಈ ಪ್ರಶ್ನೆಯನ್ನು ಎಚ್. ಜಿ. ವೆಲ್ಸ್ ಎದುರಿಸಿದ್ದನು. 1913ರಲ್ಲಿ ಅವನು ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಬರೆದು, ನೆಲದ ಮೇಲೆ ತಗಡಿನ ಸಿಪಾಯಿಗಳನ್ನು ನಿಲ್ಲಿಸಿ ಆಡುವ ಆಟಕ್ಕೆ ನಿಯಮಗಳನ್ನು ಕೊಟ್ಟನು. ಅದರ ಕೊನೆಯಲ್ಲಿ ಅವನು ಹೇಳುವುದು, ಈ ಪುಟ್ಟ ಯುದ್ಧವನ್ನು ಮೂರು ನಾಲ್ಕು ಸಲ ಆಡಿದವನಿಗೆ ದೊಡ್ಡ ಯುದ್ಧ ಎಂತಹ ಅವಿವೇಕವೆಂಬುದು ತಾನಾಗಿ ಮನವರಿಕೆಯಾಗುತ್ತದೆ ಎಂದು. ಮರುವರ್ಷವೇ ಮಹಾಯುದ್ಧ ಆರಂಭವಾಯಿತು. ಅವನ ಮಾತನ್ನು ಕೇಳಬೇಕಾದವರು ಕೇಳಲಿಲ್ಲ. ಮಹಾಭಾರತದ ಹದಿನೆಂಟು ದಿನಗಳ ಕಾಳಗವನ್ನು ರಾತ್ರಿಯಿಡೀ ನೋಡಿ ಬೆಳೆದ ನಮ್ಮ ಮಕ್ಕಳು ಅದರಿಂದ ಕಲಹಪ್ರಿಯರಾಗಿಲ್ಲವೆಂಬುದನ್ನೂ ನೆನೆಯಬಹುದು. ಆದರೂ ಯುದ್ಧ ಬೇಡವೆನ್ನುವವರಿಗೆ ನನ್ನ ಒತ್ತಾಯವಿಲ್ಲ. ದಾಳವನ್ನು ಬಿಡೋಣ, ಬೊಂಬೆಯನ್ನೂ ನೆಲವನ್ನೂ ಉಳಿಸಿಕೊಳ್ಳೋಣ.

ಎರಡನೆಯದು ಖರ್ಚಿನ ಮಾತು. ಕಂಪೆನಿಯ ಒಂದು ಪೆಟ್ಟಿಗೆ ಬೊಂಬೆಗೆ ನಮ್ಮಲ್ಲಿ ಸಾವಿರಾರು ರೂಪಾಯಿ ತೆರಬೇಕು. ಅದನ್ನು ಕೊಂಡು ತರಬೇಕೆಂದು ನಾನು ಸರ್ವಥಾ ಹೇಳುವುದಿಲ್ಲ. ವೆಲ್ಸ್ ತನ್ನ ಆಟದಲ್ಲಿ ಮರದ ಇಟ್ಟಿಗೆಗಳಿಂದ ಮನೆ ಕಟ್ಟಿದ್ದನು, ಗಿಡದ ರೆಂಬೆಗಳನ್ನು ಮರವೆಂದು ನಿಲ್ಲಿಸಿದ್ದನು, ಹೊಳೆಯನ್ನು ಸೀಮೆಸುಣ್ಣದಲ್ಲಿ ಬರೆದಿದ್ದನು. ನಮ್ಮಲ್ಲಿ ಆವೆಮಣ್ಣಿದೆ, ಅಡಿಕೆಯ ಹಾಳೆಯಿದೆ, ಮುರಕಲ್ಲಿನ ಹುಡಿಯಿದೆ. ಬೇಕಾಗುವುದು ಒಂದು ಡಬ್ಬಿ ಫೆವಿಕಾಲ್, ಕೆಲವು ಬಣ್ಣದ ಸೀಸೆಗಳು ಮತ್ತು ಒಳ್ಳೆಯ ಕುಂಚಗಳು. ವೃತ್ತಿ ಪರಿಚಯ ಮೇಳದಲ್ಲಿ ನಮ್ಮ ಮಕ್ಕಳು ಮಣ್ಣಿನ ಆಕೃತಿಗಳನ್ನು ಮಾಡಿ ತೋರಿಸುವುದು ಹೊಸತಲ್ಲ. ಕೊರತೆಯಿರುವುದು, ಮೇಳ ಮುಗಿದ ಮರುದಿನ ಆ ಕೈಗಳಿಗೆ ಕೆಲಸ ಸಿಗದಿರುವುದರಲ್ಲಿ.

ಇಷ್ಟು ಹೇಳಿ ಪ್ರಕೃತ ವಿಷಯಕ್ಕೆ ಬರುತ್ತೇನೆ. ನಮ್ಮ ಶಾಲೆಯ ಬಾವಿಕಟ್ಟೆಯ ಬದಿಯಲ್ಲಿ ಮುರಕಲ್ಲಿನ ಗೋಡೆಯ, ಹಂಚಿನ ಮಾಡಿನ ಕೈಕೆಲಸದ ಕೊಠಡಿಯೊಂದಿರುವುದು ಹಳೆವಿದ್ಯಾರ್ಥಿಗಳಿಗೆಲ್ಲ ಗೊತ್ತು. ಮುರಿದ ಬೆಂಚುಗಳನ್ನು ಪೇರಿಸಿಡಲು ಈಗ ಅದು ಉಪಯೋಗವಾಗುತ್ತಿದೆ. ಅದನ್ನು ಕೆಡವಿ, ಆ ಜಾಗದಲ್ಲಿ ಮಹೋತ್ಸವದ ನೆನಪಿಗೆ ಕಾಂಕ್ರೀಟು ವೇದಿಕೆ ಕಟ್ಟಬೇಕೆಂಬ ಸಲಹೆ ಬಂದಿದೆ. ಇನ್ನು ಕೆಲವರು ಇನ್ನಷ್ಟು ಕಂಪ್ಯೂಟರುಗಳನ್ನು ಕೊಳ್ಳೋಣವೆಂದಿದ್ದಾರೆ. ಸಲಹೆಯಿತ್ತವರ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ಆದರೆ 2020ರಲ್ಲಿಯೇ ಕೇರಳವು ತನ್ನ ಸಾರ್ವಜನಿಕ ಶಾಲೆಗಳು ಸಂಪೂರ್ಣ ಡಿಜಿಟಲ್ ಆದುವೆಂದು ಘೋಷಿಸಿದೆ. ಪರದೆ ನಮ್ಮ ತರಗತಿಗೆ ಬಂದಾಗಿದೆ, ಮನೆಯಲ್ಲಿಯೂ ಮಕ್ಕಳ ಕೈಯಲ್ಲಿದೆ. ವೇದಿಕೆ ವರ್ಷಕ್ಕೆ ಎರಡು ದಿನ ಬೇಕು. ಅದಕ್ಕೆ ಚಪ್ಪರ ಸಾಕು. ಮಾಡು ರಿಪೇರಿ ಮಾಡಿಸಿ, ಆರಡಿಗೆ ನಾಲ್ಕಡಿಯ ಎರಡು ಗಟ್ಟಿ ಮೇಜುಗಳನ್ನು ಹಾಕಿಸಿ, ಕಿಟಕಿಯ ಬೆಳಕು ಮೇಜಿನ ಮೇಲೆ ಬೀಳುವಂತೆ ಏರ್ಪಡಿಸಿ, ವಾರಕ್ಕೊಂದು ಅವಧಿಯನ್ನು ಬಿಟ್ಟುಕೊಟ್ಟರೆ ಆ ಕೊಠಡಿಗೆ ಮತ್ತೆ ಜೀವ ಬರುತ್ತದೆ.

ಮಕ್ಕಳು ಅಲ್ಲಿ ಇಂಗ್ಲೆಂಡಿನ ಕುಬ್ಜರನ್ನೇ ಮಾಡಬೇಕಾಗಿಲ್ಲ. ಕೆಳದಿಯ ಶಿವಪ್ಪ ನಾಯಕನ ಹೆಸರಿನೊಂದಿಗೆ ಸೇರಿಕೊಂಡ ಬೇಕಲ ಕೋಟೆಯನ್ನು ಮೇಜಿನ ಮೇಲೆ ಕಟ್ಟಲಿ. ಚಂದ್ರಗಿರಿ ಹೊಳೆ ಸಮುದ್ರ ಸೇರುವ ಅಳಿವೆಯನ್ನು ಮಾಡಲಿ. ಗುಡ್ಡದ ಮಗ್ಗುಲಿಗೆ ಅಡ್ಡವಾಗಿ ಕೊರೆದು ನೀರು ತೆಗೆಯುವ ನಮ್ಮ ಸುರಂಗವನ್ನು ಸೀಳಿ ಒಳಗೆ ಹೇಗಿದೆಯೆಂದು ತೋರಿಸಲಿ. ಹೀಗೆ ಮಾಡುವಾಗ ಅವರಿಗೆ ಮಾತು ಬೇಕಾಗುತ್ತದೆ. ಬೈಲು, ತೋಡು, ಕಟ್ಟ, ಸಂಕ, ಪಳ್ಳ, ತಡಮೆ, ಈ ಶಬ್ದಗಳಲ್ಲಿ ಎಷ್ಟನ್ನು ಇಂದಿನ ಐದನೆಯ ತರಗತಿಯ ಮಗು ಬಲ್ಲುದು? ತೋಡನ್ನು ಕೈಯಾರೆ ತೋಡಿ, ಅದರ ಮೇಲೆ ಈರ್ಕಿಲ ಕಡ್ಡಿಯ ಸಂಕ ಇಟ್ಟ ಮಗುವಿಗೆ ಆ ಶಬ್ದಗಳ ಅರ್ಥವನ್ನು ಬರೆಯಿಸಿ ಬಾಯಿಪಾಠ ಮಾಡಿಸಬೇಕಾಗಿಲ್ಲ. ಗಡಿನಾಡಿನಲ್ಲಿ ಕನ್ನಡ ಉಳಿಯಬೇಕೆಂದು ನಾವು ಠರಾವುಗಳನ್ನು ಮಾಡುತ್ತ ಬಂದಿದ್ದೇವೆ, ಮಾಡಲೇಬೇಕಾದ ಕೆಲಸವದು. ಅದರ ಜೊತೆಗೆ ಕನ್ನಡದಲ್ಲಿ ಮಾತನಾಡುತ್ತಲೇ ಮಾಡಬೇಕಾದ ಕೆಲಸವೊಂದನ್ನು ಮಕ್ಕಳ ಕೈಗೆ ಕೊಡುವುದೂ ನಮ್ಮ ಹೊಣೆ.

ಮಹೋತ್ಸವ ಸಮಿತಿಯವರು ಅಂತಿಮ ತೀರ್ಮಾನ ಕೈಗೊಳ್ಳುವ ಮೊದಲು ಈ ಸಲಹೆಯನ್ನು ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ. ಕೊಠಡಿ ಉಳಿಯುವುದಾದರೆ ಮೊದಲ ಮೇಜಿನ ವೆಚ್ಚವೂ ವರ್ಷಕ್ಕೆ ಬೇಕಾಗುವ ಬಣ್ಣ, ಕುಂಚಗಳೂ ನನ್ನ ಪಾಲಿಗಿರಲಿ. ಎರಡನೆಯ ಮೇಜಿಗೆ ನನ್ನ ಸಹಪಾಠಿಗಳು ಮುಂದೆ ಬರುವರೆಂಬ ಭರವಸೆಯಿದೆ. ಮರಗೆಲಸ ಬಲ್ಲವರು, ಬಣ್ಣದ ವೇಷಧಾರಿಗಳು, ಪ್ರತಿಮೆ ಮಾಡುವವರು ನಮ್ಮ ಹಳೆವಿದ್ಯಾರ್ಥಿಗಳಲ್ಲಿ ಇದ್ದೇ ಇದ್ದಾರೆ. ತಿಂಗಳಿಗೊಮ್ಮೆ ಒಂದು ಗಂಟೆ ಬಂದು ಮಕ್ಕಳ ಬಳಿ ಕುಳಿತರೆ ಅದಕ್ಕಿಂತ ದೊಡ್ಡ ದೇಣಿಗೆ ಬೇರಿಲ್ಲ. ಐವತ್ತು ವರ್ಷ ನಮ್ಮೆಲ್ಲರಿಗೆ ಅಕ್ಷರವನ್ನಿತ್ತ ಶಾಲೆ ನೂರನ್ನು ಕಾಣಲಿ. ಅಂದಿನ ಮಕ್ಕಳ ಬೆರಳುಗಳಿಗೂ ಒಂದಿಷ್ಟು ಬಣ್ಣ ಮೆತ್ತಿರಲಿ ಎಂದು ಹಾರೈಸುತ್ತೇನೆ.