ಕೊರೊನಾ ಮತ್ತು ಲಿವರ್: ಪೆಟ್ಟು ಕೊಟ್ಟದ್ದು ವೈರಸ್ ಮಾತ್ರವೇ?

ಕೊರೊನಾ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಉಸಿರಾಟದ ತೊಂದರೆ, ಆಮ್ಲಜನಕದ ಸಿಲಿಂಡರ್ ಮತ್ತು ವೆಂಟಿಲೇಟರ್. ಆದರೆ ಆಸ್ಪತ್ರೆ ಸೇರಿದವರ ರಕ್ತ ಪರೀಕ್ಷೆಯ ವರದಿಗಳು 2020ರ ಆರಂಭದಿಂದಲೇ ಇನ್ನೊಂದು ಅಂಗದ ಕಡೆಗೂ ಬೆರಳು ತೋರಿಸುತ್ತಿದ್ದವು. ಅದೇ ಪಿತ್ತಜನಕಾಂಗ, ಅಂದರೆ ನಾವೆಲ್ಲರೂ ಲಿವರ್ ಎಂದು ಕರೆಯುವ ಅಂಗ. ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಕೊರೊನಾದ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಘೋಷಿಸಿತು. ಆದರೆ ವೈರಸ್ ನಮ್ಮ ನಡುವಿನಿಂದ ಹೋಗಿಲ್ಲ. ಆ ದಿನಗಳಲ್ಲಿ ಮನೆ ಮನೆಯಲ್ಲಿ ರೂಢಿಯಾದ ಕೆಲವು ಅಭ್ಯಾಸಗಳೂ ಹೋಗಿಲ್ಲ. ಆದ್ದರಿಂದ ಈ ವಿಷಯವನ್ನು ಈಗ ಸಮಾಧಾನದಿಂದ ಪರಿಶೀಲಿಸುವುದು ಸೂಕ್ತ.

ಮೊದಲು ಅಂಕಿಅಂಶಗಳನ್ನು ನೋಡೋಣ. ಚೀನಾದ ವುಹಾನ್ ನಗರದ 99 ರೋಗಿಗಳ ಬಗ್ಗೆ 2020ರ ಜನವರಿಯಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ವರದಿಯೊಂದು ಪ್ರಕಟವಾಯಿತು. ಅವರಲ್ಲಿ 43 ಮಂದಿಯ ಲಿವರ್ ಪರೀಕ್ಷೆಯಲ್ಲಿ ಏರುಪೇರು ಕಂಡುಬಂದಿತ್ತು. ನಂತರ ಚೀನಾದ ಬೇರೆ ಬೇರೆ ಆಸ್ಪತ್ರೆಗಳ 1,099 ರೋಗಿಗಳ ಅಧ್ಯಯನ ನಡೆದಾಗ, ಲಿವರ್‌ನ ಎರಡು ಮುಖ್ಯ ಕಿಣ್ವಗಳು ಪರೀಕ್ಷಿಸಲ್ಪಟ್ಟವರ ಪೈಕಿ ಸುಮಾರು ಶೇಕಡಾ 22ರಷ್ಟು ಮಂದಿಯಲ್ಲಿ ಹೆಚ್ಚಾಗಿದ್ದವು. ಪ್ರಯೋಗಾಲಯದ ಚೀಟಿಯಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಎಂದು ಬರೆದಿರುವುದು ಇವುಗಳನ್ನೇ.

ಆದರೆ ಕಿಣ್ವ ಹೆಚ್ಚಾಯಿತು ಎಂದ ಮಾತ್ರಕ್ಕೆ ಲಿವರ್ ಕೆಟ್ಟುಹೋಯಿತು ಎಂದು ಅರ್ಥವಲ್ಲ. ಹೆಚ್ಚಿನವರಲ್ಲಿ ಈ ಏರಿಕೆ ಅಲ್ಪ ಪ್ರಮಾಣದ್ದಾಗಿತ್ತು, ರೋಗ ಗುಣವಾದಂತೆ ತಾನಾಗಿಯೇ ಇಳಿಯಿತು. ಎಸ್‌ಜಿಒಟಿ ಎಂಬುದು ಸ್ನಾಯುಗಳಲ್ಲಿಯೂ ಇರುವುದರಿಂದ ಅದರ ಏರಿಕೆಗೆ ಲಿವರ್ ಮಾತ್ರ ಕಾರಣವೆಂದು ಹೇಳುವಂತೆಯೂ ಇಲ್ಲ. ಲಿವರ್ ಪೂರ್ತಿ ವಿಫಲವಾದ ಪ್ರಕರಣಗಳು ವಿರಳ. ಬಹುಕಾಲ ವೆಂಟಿಲೇಟರ್‌ನಲ್ಲಿದ್ದ ಕೆಲವೇ ಕೆಲವರಲ್ಲಿ ಮಾತ್ರ ಪಿತ್ತನಾಳಗಳು ಶಾಶ್ವತವಾಗಿ ಹಾನಿಗೊಂಡು, ಲಿವರ್ ಕಸಿ ಮಾಡಬೇಕಾದ ಸ್ಥಿತಿ ಬಂದದ್ದುಂಟು.

ಹಾಗಾದರೆ ಶ್ವಾಸಕೋಶದ ರೋಗ ಲಿವರ್‌ಗೆ ಹೇಗೆ ತಲುಪಿತು? ತಜ್ಞರು ಮುಖ್ಯವಾಗಿ ನಾಲ್ಕು ಕಾರಣಗಳನ್ನು ಕೊಡುತ್ತಾರೆ. ಒಂದು, ವೈರಸ್ ಜೀವಕೋಶವನ್ನು ಪ್ರವೇಶಿಸಲು ಬಳಸುವ ಎಸಿಇ2 ಎಂಬ ಬಾಗಿಲು ಪಿತ್ತನಾಳದ ಜೀವಕೋಶಗಳಲ್ಲಿಯೂ ಇದೆ. ಎರಡು, ವೈರಸ್‌ನ ವಿರುದ್ಧ ದೇಹದ ರೋಗನಿರೋಧಕ ವ್ಯವಸ್ಥೆ ಅತಿಯಾಗಿ ಕೆರಳಿದಾಗ ತನ್ನದೇ ಅಂಗಗಳನ್ನೂ ಘಾಸಿಗೊಳಿಸುತ್ತದೆ. ಮೂರು, ಆಮ್ಲಜನಕದ ಮಟ್ಟ ಕುಸಿದಾಗ, ರಕ್ತದೊತ್ತಡ ಇಳಿದಾಗ ಲಿವರ್ ಬಳಲುತ್ತದೆ. ನಾಲ್ಕನೆಯದು ಔಷಧಿಗಳು.

ಈ ನಾಲ್ಕನೆಯ ಕಾರಣ ನಮ್ಮನ್ನು ಚಿಂತನೆಗೆ ಹಚ್ಚಬೇಕು. ಏಕೆಂದರೆ ಉಳಿದ ಮೂರು ನಮ್ಮ ಕೈಯಲ್ಲಿರಲಿಲ್ಲ, ಇದು ಸ್ವಲ್ಪಮಟ್ಟಿಗಾದರೂ ಇತ್ತು. ಆರಂಭದಲ್ಲಿ ಎಚ್‌ಐವಿಗೆ ನೀಡುವ ಲೋಪಿನಾವಿರ್-ರಿಟೊನಾವಿರ್ ಮಾತ್ರೆಗಳನ್ನು ಕೊರೊನಾ ರೋಗಿಗಳಿಗೂ ಕೊಡಲಾಯಿತು. ಅದನ್ನು ಪಡೆದವರಲ್ಲಿ ಲಿವರ್ ತೊಂದರೆ ಹೆಚ್ಚು ಎಂದು ಚೀನಾದ ಷೆನ್‌ಜೆನ್‌ನ ವೈದ್ಯರು ವರದಿ ಮಾಡಿದರು. ಅದರಿಂದ ರೋಗಿಗೆ ಪ್ರಯೋಜನವಿಲ್ಲ ಎಂಬುದು ಖಚಿತವಾಗಿ 2020ರ ಜುಲೈಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಯೋಗದಿಂದ ಅದನ್ನು ಕೈಬಿಟ್ಟಿತು. ನಮ್ಮ ನೆರೆಯ ಗೋವಾದಲ್ಲಿ 2021ರ ಮೇ ತಿಂಗಳಲ್ಲಿ 18 ವರ್ಷ ದಾಟಿದ ಎಲ್ಲರಿಗೂ ಐವರ್‌ಮೆಕ್ಟಿನ್ ಮಾತ್ರೆ ಕೊಡುವುದಾಗಿ ಸರಕಾರ ಘೋಷಿಸಿದಾಗ, ವೈದ್ಯಕೀಯ ಪ್ರಯೋಗಗಳ ಹೊರಗೆ ಅದನ್ನು ಬಳಸಬಾರದೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಅದಾಗಲೇ ಹೊರಬಿದ್ದಿತ್ತು. ಹೆದರಿಕೆಯ ಕಾಲದಲ್ಲಿ 'ಏನಾದರೊಂದು ಕೊಡಬೇಕು' ಎಂಬ ಆತುರ ಸಹಜ. ಆದರೆ ನುಂಗಿದ್ದನ್ನೆಲ್ಲ ಅರಗಿಸಿ ಸೋಸುವ ಕೆಲಸ ಕೊನೆಗೆ ಲಿವರ್‌ನದ್ದೇ.

ಮನೆಮದ್ದಿನ ವಿಷಯವೂ ಇದೇ. ರೋಗನಿರೋಧಕ ಶಕ್ತಿ ಹೆಚ್ಚುತ್ತದೆ ಎಂಬ ನಂಬಿಕೆಯಿಂದ ಅನೇಕರು ಅಮೃತಬಳ್ಳಿಯ ಕಷಾಯ, ಪುಡಿ, ಮಾತ್ರೆಗಳನ್ನು ತಿಂಗಳುಗಟ್ಟಲೆ ಸೇವಿಸಿದರು. 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮುಂಬಯಿಯಲ್ಲಿ ಹೀಗೆ ಸೇವಿಸಿದ ಆರು ಮಂದಿಯಲ್ಲಿ ಲಿವರ್ ಹಾನಿ ಕಂಡುಬಂತೆಂದು ವೈದ್ಯರು 2021ರಲ್ಲಿ ಪ್ರಕಟಿಸಿದರು. ಕೇಂದ್ರ ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿ ಸುರಕ್ಷಿತ, ಅದನ್ನೇ ಹೋಲುವ ಬೇರೆ ಬಳ್ಳಿಯನ್ನು ಸೇವಿಸಿರಬಹುದು ಎಂಬುದು ಅದರ ವಾದ. ನಂತರ 2022ರಲ್ಲಿ ದೇಶದ 13 ಕೇಂದ್ರಗಳ ವೈದ್ಯರು ಒಟ್ಟು 43 ಇಂತಹ ರೋಗಿಗಳ ವಿವರ ಪ್ರಕಟಿಸಿದರು. ಕೋಟ್ಯಂತರ ಮಂದಿ ಸೇವಿಸಿದ ವಸ್ತುವಿನ ಮುಂದೆ ಇದು ಸಣ್ಣ ಸಂಖ್ಯೆ ಎಂಬುದು ನಿಜ. ಆದರೆ ಮೊದಲೇ ಲಿವರ್ ಕಾಯಿಲೆ ಇದ್ದವರಿಗೆ, ರೋಗನಿರೋಧಕ ವ್ಯವಸ್ಥೆಯ ದೋಷ ಒಳಗೊಳಗೇ ಇದ್ದವರಿಗೆ ಗಿಡಮೂಲಿಕೆ ಎಂಬ ಕಾರಣಕ್ಕೆ ಯಾವುದೂ ನಿರಪಾಯಕಾರಿ ಆಗುವುದಿಲ್ಲ ಎಂಬ ಎಚ್ಚರಿಕೆ ಇದರಲ್ಲಿದೆ.

ನಿಜವಾದ ಅಪಾಯ ಯಾರಿಗಿತ್ತು ಎಂಬುದನ್ನು 29 ದೇಶಗಳ 745 ಲಿವರ್ ರೋಗಿಗಳ ದಾಖಲೆ ತೋರಿಸುತ್ತದೆ. ಲಸಿಕೆ ಬರುವುದಕ್ಕೆ ಮುಂಚೆ, 2020ರಲ್ಲಿ ಸಂಗ್ರಹಿಸಿದ ಮಾಹಿತಿ ಇದು. ಲಿವರ್ ಕಾಯಿಲೆ ಇದ್ದರೂ ಸಿರೋಸಿಸ್ ಹಂತ ತಲುಪದವರಲ್ಲಿ ಕೊರೊನಾದಿಂದ ಶೇಕಡಾ 8 ಮಂದಿ ತೀರಿಕೊಂಡರೆ, ಲಿವರ್ ಗಟ್ಟಿಯಾಗಿ ಸಿರೋಸಿಸ್ ಆದವರಲ್ಲಿ ಶೇಕಡಾ 32 ಮಂದಿ ತೀರಿಕೊಂಡರು. ಸಿರೋಸಿಸ್‌ನ ಕೊನೆಯ ಹಂತದಲ್ಲಿದ್ದವರ ಪೈಕಿ ಅರ್ಧದಷ್ಟು ಮಂದಿ ಉಳಿಯಲಿಲ್ಲ. ಮದ್ಯಪಾನದಿಂದ ಲಿವರ್ ಕೆಟ್ಟವರಿಗೆ ಸಾವಿನ ಅಪಾಯ ಇನ್ನೂ ಹೆಚ್ಚಾಗಿತ್ತು. ಅಂದರೆ ಹೆಚ್ಚಿನ ಕಡೆ ವೈರಸ್ ಹೊಸದಾಗಿ ಲಿವರ್ ಕೆಡಿಸಲಿಲ್ಲ, ಮೊದಲೇ ಕೆಟ್ಟಿದ್ದ ಲಿವರ್ ಇದ್ದವರನ್ನು ಬಲಿ ತೆಗೆದುಕೊಂಡಿತು.

ನಮ್ಮ ದೇಶದ ವಯಸ್ಕರಲ್ಲಿ ಸುಮಾರು ಶೇಕಡಾ 38 ಮಂದಿಗೆ ಲಿವರ್‌ನಲ್ಲಿ ಕೊಬ್ಬು ಸೇರಿಕೊಂಡಿದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2022ರಲ್ಲಿ ತಿಳಿಸಿತು. ಹೆಚ್ಚಿನವರಿಗೆ ಅದು ಗೊತ್ತೇ ಇಲ್ಲ, ಏಕೆಂದರೆ ಲಿವರ್ ಬೇಗನೆ ನೋವು ತೋರಿಸುವ ಅಂಗವಲ್ಲ. ಸಕ್ಕರೆ ಕಾಯಿಲೆ, ಬೊಜ್ಜು, ಕುಡಿತ ಇವು ಮೂರೂ ನಮ್ಮ ಕರಾವಳಿಗೆ ಅಪರಿಚಿತವಲ್ಲ.

ಆದ್ದರಿಂದ ಕೆಲವು ವಿಷಯಗಳನ್ನು ನಾವು ಮನಸ್ಸಿನಲ್ಲಿಡಬೇಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಒಳ್ಳೆಯ ಮಾತ್ರೆ, ಮಿತಿಯಲ್ಲಿದ್ದರೆ ಮಾತ್ರ. ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ ನಾಲ್ಕು ಗ್ರಾಂ ದಾಟಬಾರದು, ಅಂದರೆ 650ರ ಮಾತ್ರೆ ಆರಕ್ಕಿಂತ ಹೆಚ್ಚಿಲ್ಲ. ಕುಡಿತದ ಅಭ್ಯಾಸ ಅಥವಾ ಲಿವರ್ ತೊಂದರೆ ಇದ್ದವರಿಗೆ ಇನ್ನೂ ಕಡಿಮೆ, ಅದನ್ನು ವೈದ್ಯರೇ ಹೇಳಬೇಕು. ಶೀತದ ಅನೇಕ ಮಾತ್ರೆಗಳಲ್ಲಿಯೂ ಪ್ಯಾರಾಸಿಟಮಾಲ್ ಸೇರಿರುತ್ತದೆ, ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ ಲೆಕ್ಕ ತಪ್ಪುತ್ತದೆ. ಕಷಾಯ ಕುಡಿಯುತ್ತಿದ್ದರೆ ಅದನ್ನು ವೈದ್ಯರಿಗೆ ಮುಚ್ಚಿಡಬಾರದು. ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ 'ಕಾಮಾಲೆಗೆ ಮೊದಲು ನಾಟಿ ಮದ್ದು' ಎಂದು ದಿನ ಕಳೆಯದೆ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು.

ರೋಗಿಗಳ ಮನೆಗೆ ಭೇಟಿ ನೀಡುವ ನಮ್ಮ ಚರ್ಚ್‌ಗಳ ಕಾರ್ಯಕರ್ತರು ಇದನ್ನು ಸರಳ ಮಾತಿನಲ್ಲಿ ಜನರಿಗೆ ತಿಳಿಸಬಹುದು. ಆರೋಗ್ಯ ಶಿಬಿರಗಳಲ್ಲಿ ಸಕ್ಕರೆ ಮತ್ತು ರಕ್ತದೊತ್ತಡದ ತಪಾಸಣೆ ನಡೆಯುತ್ತದೆ. ಅದರ ಜೊತೆಗೆ, ಅಪಾಯ ಹೆಚ್ಚಿರುವವರಿಗಾದರೂ ಲಿವರ್ ಪರೀಕ್ಷೆಯನ್ನು ಸೇರಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಕುಡಿತ ಬಿಡಲು ಒಬ್ಬರಿಗೆ ಇಂದು ನೆರವಾದರೆ, ಮುಂದೆ ಬರಬಹುದಾದ ಇನ್ನೊಂದು ಸಾಂಕ್ರಾಮಿಕದ ಹೊತ್ತಿಗೆ ಒಂದು ಕುಟುಂಬ ತನ್ನ ಆಧಾರವನ್ನು ಉಳಿಸಿಕೊಳ್ಳುತ್ತದೆ.