ಆಮೆಮರಿ ಮಾರುವ ಅಂಗಡಿ ಹೇಳದ ಲೆಕ್ಕ

ಅಕ್ವೇರಿಯಂ ಅಂಗಡಿಯ ಪ್ಲಾಸ್ಟಿಕ್ ಟಬ್ಬಿನಲ್ಲಿ ಒಂದರ ಮೇಲೊಂದು ಹತ್ತುವ ಹಸಿರು ಆಮೆಮರಿಗಳಿಗೆ ಮನಸೋಲದ ಮಕ್ಕಳು ಕಡಿಮೆ. ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ಈ ಮರಿ ರೆಡ್ ಇಯರ್ಡ್ ಸ್ಲೈಡರ್. ಆಮೆ ಇದ್ದ ಮನೆಗೆ ಅದೃಷ್ಟ ಒಲಿಯುತ್ತದೆ ಎಂಬ ನಂಬಿಕೆಯೂ ಜೊತೆಗೂಡಿ, ಅರ್ಧ ನೀರು ಅರ್ಧ ನೆಲದ ತೊಟ್ಟಿ ಇಡಬೇಕೆನ್ನುವವರ ಕಣ್ಣು ಮೊದಲು ಬೀಳುವುದು ಇದರ ಮೇಲೆಯೇ. ಆದರೆ ನಗರದ ಸಾಮಾನ್ಯ ಮನೆಗೆ ಇಷ್ಟು ಹೊಂದದ ಸರೀಸೃಪವನ್ನು ಹುಡುಕುವುದೇ ಕಷ್ಟ.

ಇದರ ತವರು ಅಮೆರಿಕದ ಮಿಸಿಸಿಪ್ಪಿ ನದಿಯ ಜಲಾನಯನ. ನಾಣ್ಯದಷ್ಟಿರುವ ಮರಿ ಹೆಣ್ಣಾಗಿದ್ದರೆ ಅದರ ಚಿಪ್ಪು 25ರಿಂದ 30 ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ಚೆನ್ನಾಗಿ ನೋಡಿಕೊಂಡರೆ 30 ವರ್ಷ ಬದುಕೀತು. ಚಿಪ್ಪಿನ ಒಂದು ಅಂಗುಲಕ್ಕೆ ಸುಮಾರು 40 ಲೀಟರ್ ನೀರು ಬೇಕೆಂಬುದು ಸಾಕುವವರು ಇಟ್ಟುಕೊಂಡಿರುವ ಅಳತೆ. ಅಂದರೆ 10 ಅಂಗುಲದ ಆಮೆಗೆ 400 ಲೀಟರ್. ಗಾಜು, ಕಲ್ಲು, ಸ್ಟ್ಯಾಂಡ್ ಬಿಟ್ಟು ನೀರೊಂದೇ 400 ಕಿಲೋ ತೂಗುತ್ತದೆ. ಎರಡು ವರ್ಷಕ್ಕೊಮ್ಮೆ ಬಾಡಿಗೆ ಮನೆ ಬದಲಿಸುವ ಕುಟುಂಬ ಇದನ್ನು ಎಲ್ಲಿಗೆಂದು ಹೊತ್ತೊಯ್ಯಬೇಕು?

ಜಾಗ ಸಿಕ್ಕರೂ ಮುಗಿಯಲಿಲ್ಲ. ಸರೀಸೃಪಗಳು ಮೈಗೆ ಬೇಕಾದ ಶಾಖವನ್ನು ಹೊರಗಿನಿಂದಲೇ ಪಡೆಯಬೇಕು. ನೀರು 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು, ಬಿಸಿಲು ಕಾಯಿಸುವ ಒಣ ಜಾಗ 32 ಡಿಗ್ರಿಯಷ್ಟು ಬೆಚ್ಚಗಿರಬೇಕು. ಅತಿನೇರಳೆ ಬಿ ಕಿರಣ ಬೀಳದಿದ್ದರೆ ದೇಹದಲ್ಲಿ ಡಿ3 ವಿಟಮಿನ್ ತಯಾರಾಗದು. ಅದಿಲ್ಲದೆ ಆಹಾರದ ಕ್ಯಾಲ್ಸಿಯಂ ಮೈಗೆ ಹತ್ತದೆ ಚಿಪ್ಪು ಮೆತ್ತಗಾಗುತ್ತದೆ. ತೊಟ್ಟಿಯನ್ನು ಕಿಟಕಿಯ ಪಕ್ಕ ಇಟ್ಟರೆ ಸಾಕೆಂದುಕೊಳ್ಳುವವರು ಬಹಳ. ಕಿಟಕಿಯ ಗಾಜು ಆ ಕಿರಣವನ್ನೇ ತಡೆದುಬಿಡುತ್ತದೆ. ಹಾಗಾಗಿ ವಿಶೇಷ ದೀಪ, ಬಲವಾದ ಫಿಲ್ಟರ್, ಹತ್ತಿ ಕೂರಲು ಒಣ ಕಟ್ಟೆ ಮೂರೂ ಬೇಕು. ಅಂಗಡಿಯವರು ಕೊಡುವ ಒಣ ಸೀಗಡಿಯ ಡಬ್ಬಿಯೊಂದರಿಂದ ಆಮೆ ಬಾಳದು.

ಹಾಗಾದರೆ ಯಾವುದು ಹೊಂದುತ್ತದೆ? ಗಾತ್ರವೊಂದನ್ನೇ ನೋಡಿದರೆ ಅಮೆರಿಕದ ಮಸ್ಕ್ ಆಮೆ ವಾಸಿ. ಬೆಳೆದ ಮೇಲೂ ಸಾಮಾನ್ಯವಾಗಿ 13 ಸೆಂಟಿಮೀಟರ್ ದಾಟುವುದಿಲ್ಲ. ಅದಕ್ಕೂ ದಶಕಗಳ ಆರೈಕೆ ಬೇಕು. ಚೈನೀಸ್ ವಾಟರ್ ಡ್ರ್ಯಾಗನ್ ಎಂಬ ಹಲ್ಲಿ ಬಾಲ ಸೇರಿ ಮೂರು ಅಡಿಯಷ್ಟಾಗುತ್ತದೆ, ಹತ್ತಲು ಎತ್ತರದ ಗೂಡು ಕೇಳುತ್ತದೆ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಪಟ್ಟಿಯಲ್ಲಿರುವ ಇಂಥ ವಿದೇಶಿ ಜೀವಿಗಳನ್ನು 2024ರ ನಿಯಮದಂತೆ ಕೇಂದ್ರ ಸರ್ಕಾರದ ಪರಿವೇಷ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ವಿದೇಶಿ ಬೇಡ, ನಮ್ಮ ಕೆರೆಯದನ್ನೇ ತರೋಣವೆಂದರೆ ಅದು ಅಪರಾಧ. ಫ್ಲ್ಯಾಪ್‌ಶೆಲ್ ಆಮೆ, ನಕ್ಷತ್ರ ಆಮೆ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಶಿಕ್ಷೆ 3ರಿಂದ 7 ವರ್ಷ ಜೈಲು. ಅದಲ್ಲದೆ ನಕ್ಷತ್ರ ಆಮೆ ಕುರುಚಲು ಕಾಡಿನ ಒಣನೆಲದ ಪ್ರಾಣಿ. ಅದನ್ನು ನೀರಿಗೆ ಬಿಟ್ಟರೆ ಮುಳುಗಿ ಸಾಯುತ್ತದೆ.

ಜಾಗ, ಖರ್ಚು, ಕಾನೂನು ಮೂರನ್ನೂ ತೂಗಿ ನೋಡಿದರೆ ಹೆಚ್ಚಿನ ಮನೆಗಳಿಗೆ ಸರೀಸೃಪವೇ ಬೇಡ ಎಂಬ ಉತ್ತರ ಬರುತ್ತದೆ. ನೀರಗಿಡ ಬೆಳೆಸಿ ನಾಲ್ಕು ಸಣ್ಣ ಮೀನು ಬಿಟ್ಟ ತೊಟ್ಟಿ ಮಕ್ಕಳ ಕುತೂಹಲಕ್ಕೆ ಸಾಕಷ್ಟಾಯಿತು.

ಈ ಲೆಕ್ಕ ತಪ್ಪಿದಾಗ ದಂಡ ತೆರುವುದು ಕೆರೆ. ತಟ್ಟೆಯಷ್ಟಾದ ಆಮೆಯನ್ನು ಕೊಲ್ಲಲಾಗದೆ, ಇಟ್ಟುಕೊಳ್ಳಲಾಗದೆ, ಪುಣ್ಯದ ಕೆಲಸವೆಂದೇ ಭಾವಿಸಿ ಜನ ಕೆರೆಗೋ ಕಲ್ಯಾಣಿಗೋ ಬಿಡುತ್ತಾರೆ. ಗುವಾಹಟಿಯ ಉಗ್ರತಾರಾ ದೇವಸ್ಥಾನದ ಕೊಳ, ತ್ರಿಶೂರಿನ ಕಾಲುವೆ, ಬೆಂಗಳೂರಿನ ಕೆರೆಗಳು, ಎಲ್ಲ ಕಡೆಯೂ ಸ್ಲೈಡರ್ ಕಾಣಿಸಿಕೊಂಡಿದೆ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಬಿಸಿಲು ಕಾಯಿಸುವ ಜಾಗಕ್ಕೂ ಆಹಾರಕ್ಕೂ ಪೈಪೋಟಿಗಿಳಿದು ಯುರೋಪಿನ ಸ್ಥಳೀಯ ಆಮೆಯನ್ನು ಇದು ಹಿಂದಕ್ಕೆ ತಳ್ಳಿದೆ.

ಬೇರೆ ದೇಶಗಳು ಬಹಳ ಹಿಂದೆಯೇ ಎಚ್ಚೆತ್ತವು. ಆಮೆಮರಿಗಳಿಂದ ಮಕ್ಕಳಿಗೆ ಸಾಲ್ಮೊನೆಲ್ಲಾ ಸೋಂಕು ಹರಡುತ್ತಿದ್ದುದರಿಂದ ಅಮೆರಿಕ 1975ರಲ್ಲಿ 4 ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟ ನಿಲ್ಲಿಸಿತು. ಐರೋಪ್ಯ ಒಕ್ಕೂಟ 1997ರಲ್ಲಿ ಸ್ಲೈಡರ್ ಆಮದನ್ನೇ ನಿಷೇಧಿಸಿತು.

ಕರ್ನಾಟಕ ಸರ್ಕಾರ ಎರಡು ಕೆಲಸವನ್ನು ತಡಮಾಡದೆ ಮಾಡಬೇಕು. ಪ್ರಾಣಿಯ ಪೂರ್ಣ ಗಾತ್ರ, ಆಯುಸ್ಸು, ಬೇಕಾದ ನೀರಿನ ಪ್ರಮಾಣವನ್ನು ಕನ್ನಡದಲ್ಲಿ ಬರೆದು ಟಬ್ಬಿನ ಮೇಲೆ ತೂಗುಹಾಕುವುದನ್ನು ಅಂಗಡಿಗಳಿಗೆ ಕಡ್ಡಾಯಗೊಳಿಸಬೇಕು. ಸಾಕಲಾಗದವರು ಕೇಸಿನ ಭಯವಿಲ್ಲದೆ ತಮ್ಮ ಸ್ಲೈಡರ್ ತಂದೊಪ್ಪಿಸಲು ಪ್ರತಿ ಜಿಲ್ಲೆಯಲ್ಲೂ ಒಂದು ಜಾಗ ಗೊತ್ತುಮಾಡಬೇಕು. ಅಲ್ಲಿಯವರೆಗೆ ಈಗಾಗಲೇ ಆಮೆ ತಂದಿರುವವರು ಅದಕ್ಕೊಂದು ದೊಡ್ಡ ತೊಟ್ಟಿ, ಸರಿಯಾದ ದೀಪ ಒದಗಿಸಿ ಮನೆಯಲ್ಲೇ ಉಳಿಸಿಕೊಳ್ಳಲಿ. ಯಾವ ಕಾರಣಕ್ಕೂ ಕೆರೆಗೆ ಬಿಡದಿರಲಿ.