ಸಂಗ್ರಹಕಾರರೇ, ಪಟ್ಟಿಯನ್ನಾದರೂ ಕೊಡಿ

ಪುಸ್ತಕ ಕೂಡಿಡುವ ಸುಖದ ಬಗ್ಗೆ, ಶಾಸ್ತ್ರೀಯ ಸಂಗೀತ ಕೇಳುವ ಸುಖದ ಬಗ್ಗೆ ಕನ್ನಡದಲ್ಲಿ ಬರುವ ಬರಹಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ಹಳೆಯ ಹಾಳೆಯ ವಾಸನೆ, ಹೊರಗೆ ಮಳೆ, ಕೈಯಲ್ಲಿ ಚಹಾ, ಹಿನ್ನೆಲೆಗೆ ಮಲ್ಲಿಕಾರ್ಜುನ ಮನ್ಸೂರರ ಹಾಡಿಕೆ. ಜೊತೆಗೆ ಗೋಡೆಯುದ್ದದ ಕಪಾಟಿನ ಒಂದು ಫೋಟೊ. ಆ ಸುಖವನ್ನು ನಾನೂ ಬಲ್ಲೆ, ಅದರ ಬಗ್ಗೆ ತಕರಾರಿಲ್ಲ. ನನ್ನ ತಕರಾರು ಆ ಕಪಾಟಿನ ಕೀಲಿಯ ಬಗ್ಗೆ.

ಕಂಪನಿ ನಾಟಕಗಳ ಹಾಡಿನ ಪುಸ್ತಿಕೆಗಳ ಮೇಲೆ ನಾನು ಪಿಎಚ್.ಡಿ. ಮಾಡುತ್ತಿದ್ದೇನೆ. ನಾಟಕ ನೋಡಲು ಬಂದವರಿಗೆ ಮಾರುತ್ತಿದ್ದ, ಅಗ್ಗದ ಕಾಗದದ, ಕೆಲವೇ ಪುಟಗಳ ಪುಸ್ತಿಕೆಗಳವು. ಹಾಡಿನ ಮೇಲೆ ರಾಗ ತಾಳದ ಹೆಸರು, ಕೆಲವೊಮ್ಮೆ ಇಂಥ ಹಾಡಿನ ಧಾಟಿ ಎಂಬ ಸೂಚನೆ. ಭೀಮಪಲಾಸ, ಯಮನ್, ಭೈರವಿ ನಮ್ಮ ಹಳ್ಳಿಗಳನ್ನು ಹೊಕ್ಕಿದ್ದು ಕಛೇರಿಗಳಿಗಿಂತ ಹೆಚ್ಚಾಗಿ ಈ ದಾರಿಯಿಂದ ಎಂಬುದು ನನ್ನ ವಾದ. ವಾದಕ್ಕೆ ಪುರಾವೆ ಬೇಕು. ಗ್ರಂಥಾಲಯದವರು ಇವನ್ನು ಪುಸ್ತಕವೆಂದು ಎಣಿಸಿದ್ದು ಕಡಿಮೆ, ಹಾಗಾಗಿ ಸಂಗ್ರಹಕಾರರ ಮನೆ ಬಾಗಿಲು ಬಡಿಯುವುದೇ ನನ್ನ ಕ್ಷೇತ್ರಕಾರ್ಯ. ಹಾಗೆ ಹೋದ ಒಂದು ಮನೆಯಲ್ಲಿ ಹಿರಿಯರು ಚಹಾ, ಚೂಡಾ ಕೊಟ್ಟು, ಎರಡು ತಾಸು ಪ್ರೀತಿಯಿಂದ ಮಾತಾಡಿದರು. ಗಾಜಿನ ಕಪಾಟಿನ ಹೊರಗಿನಿಂದಲೇ ಒಂದು ಪುಸ್ತಿಕೆ ತೋರಿಸಿ, "ನೋಡ್ರಿ, ಇದು ನನ್ನ ಕಡೆ ಅಷ್ಟ ಐತ್ರಿ" ಎಂದರು. ಒಂದು ಪುಟದ ಫೋಟೊ ತೆಗೆದುಕೊಳ್ಳಲೇ ಎಂದು ಕೇಳಿದೆ. "ಫೋಟೋ ಬ್ಯಾಡ್ರಿ. ಹಂಗ ಮಾಡಿದ್ರ ಮತ್ತ ನನ್ನ ಕಡೆ ಅಷ್ಟ ಹೆಂಗ ಉಳೀತದ?"

ಅವರ ತರ್ಕದಲ್ಲಿ ತಪ್ಪಿಲ್ಲ. ಅವರಿಗೆ ಬೇಕಾಗಿರುವುದು ಪುಸ್ತಕವಲ್ಲ, ಇನ್ನೊಬ್ಬರ ಹತ್ತಿರ ಅದು ಇಲ್ಲದಿರುವುದು.

ನಾನು ತಿಮ್ಮಾಪುರದವನು. ನಮ್ಮೂರ ಸಹಕಾರಿ ಸಕ್ಕರೆ ಕಾರ್ಖಾನೆ ಇರುವ ಜಾಗಕ್ಕೆ ರನ್ನನಗರ ಎಂದು ಹೆಸರು. ಮುಧೋಳದ ಬಳೆಗಾರರ ಮನೆಯ ಮಗ ಕವಿಯಾದ, ಈಗ ಕಬ್ಬಿನ ಟ್ರ್ಯಾಕ್ಟರುಗಳ ದಾರಿಯಲ್ಲಿ ಅವನ ಹೆಸರಿದೆ. ಅವನಿಂದ ಅಜಿತಪುರಾಣ ಬರೆಸಿದವಳು ಅತ್ತಿಮಬ್ಬೆ, 993ರಲ್ಲಿ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧಳಾದವಳೂ ಅವಳೇ. ಓಲೆಯ ಮೇಲೆ ಕಂಟದಿಂದ ಒಂದೊಂದೇ ಅಕ್ಷರ ಕೊರೆಯಬೇಕಾಗಿದ್ದ ಕಾಲ ಅದು. ಅವಳೂ ಒಂದೇ ಪ್ರತಿಯನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟು, ಬಂದವರಿಗೆ ದೂರದಿಂದ ತೋರಿಸಬಹುದಿತ್ತು. ದಾನಚಿಂತಾಮಣಿ ಎಂದು ಮಾತ್ರ ಯಾರೂ ಕರೆಯುತ್ತಿರಲಿಲ್ಲ.

ಅಷ್ಟು ಹಿಂದೆ ಹೋಗುವುದೂ ಬೇಡ. ನಮ್ಮ ಪಕ್ಕದ ಬನಹಟ್ಟಿಯ ಒಂದು ಮನೆಯಲ್ಲಿ ಫ.ಗು. ಹಳಕಟ್ಟಿಯವರು ವಚನಗಳ ತಾಡೋಲೆ ಕಂಡರು. ಮುಂದೆ ಊರೂರು ತಿರುಗಿ ಕಟ್ಟುಗಳನ್ನು ಕೂಡಿಸಿದರು. ಹಲವು ಮನೆಗಳಲ್ಲಿ ಅವು ದೇವರ ಜಗಲಿಯ ಮೇಲೆ ಕೂತು ಪೂಜೆ ಮಾಡಿಸಿಕೊಳ್ಳುತ್ತಿದ್ದವು, ಬಿಚ್ಚಿ ಓದುವವರಿರಲಿಲ್ಲ. ಹಳಕಟ್ಟಿಯವರು ತಂದು, ನಕಲು ಮಾಡಿ, 1923ರಲ್ಲಿ ವಚನಶಾಸ್ತ್ರಸಾರ ಹೊರತಂದರು. ವಿಜಯಪುರದಲ್ಲಿ ಸ್ವಂತ ಮುದ್ರಣಾಲಯ ಹಾಕಲು ಇದ್ದ ಮನೆ ಮಾರಿದರು. ಸಂಗ್ರಹಕಾರ ಎಂಬ ಮಾತಿಗೆ ನಮ್ಮ ಸೀಮೆಯಲ್ಲಿ ಇರಬೇಕಾದ ಅರ್ಥ ಇದು. ಗಾಜಿನ ಕಪಾಟು ಹೊಸ ಜಗಲಿ, ಅಷ್ಟೇ. ಒಂದು ವಿಭೂತಿ ಮಾತ್ರ ಹಚ್ಚುವುದಿಲ್ಲ.

ಸಂಗೀತದವರದು ಇನ್ನೂ ಬಿಗಿ. ಖಾಸಗಿ ಬೈಠಕ್ಕುಗಳ ಕ್ಯಾಸೆಟ್ಟು, ಸ್ಪೂಲುಗಳನ್ನು ಇಟ್ಟುಕೊಂಡವರು ಯಾವ ರಾಗ, ಯಾವ ವರ್ಷ ಎಂಬುದನ್ನೂ ಬಾಯಿ ಬಿಡುವುದಿಲ್ಲ. "ಕೊಟ್ಟರೂ ಅವರಿಗೇನು ತಿಳಿಯುತ್ತದೆ" ಎಂಬ ಮಾತನ್ನು ನನ್ನ ಎದುರಿಗೇ ಕೇಳಿದ್ದೇನೆ. 'ಅವರು' ಅಂದರೆ ನಮ್ಮಂಥ ಊರಿನವರು. ಅಮಾವಾಸ್ಯೆಯ ರಾತ್ರಿ ಗುಡಿಯಲ್ಲಿ ಪೆಟ್ಟಿಗೆ, ತಬಲಾ ಇಟ್ಟುಕೊಂಡು ಬೆಳಗಿನ ಹೊತ್ತಿಗೆ ಭೈರವಿಗೆ ಬಂದು ಮುಗಿಸುವ ಭಜನೆ ಮೇಳದವರಿಗೆ ಏನೂ ತಿಳಿಯುವುದಿಲ್ಲವಂತೆ. ಗದಗಿನ ಪಂಚಾಕ್ಷರಿ ಗವಾಯಿಗಳು ತಾವೇ ಕಣ್ಣಿಲ್ಲದವರು, ಬಡವರ ಮಕ್ಕಳನ್ನೂ ಅಂಧ ಮಕ್ಕಳನ್ನೂ ಕೂಡಿಸಿಕೊಂಡು ಅನ್ನ ಹಾಕಿ ಹಾಡು ಕಲಿಸಿದರು. ಪುಟ್ಟರಾಜ ಗವಾಯಿಗಳು, ಬಸವರಾಜ ರಾಜಗುರು ಬಂದದ್ದು ಅಲ್ಲಿಂದ. ಭೀಮಸೇನ ಜೋಶಿಯವರು ಹುಡುಗರಿದ್ದಾಗ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ತಟ್ಟೆ ಕೇಳಿ, ಹಾಗೆ ಹಾಡಬೇಕೆಂದು 1933ರಲ್ಲಿ ಮನೆ ಬಿಟ್ಟ ಕತೆ ಎಲ್ಲರಿಗೂ ಗೊತ್ತು. ರಸಿಕರು ಈ ಕತೆಯನ್ನು ಕಣ್ಣು ಒದ್ದೆ ಮಾಡಿಕೊಂಡು ಹೇಳುತ್ತಾರೆ. ಆ ತಟ್ಟೆ ಅಂಗಡಿಯಲ್ಲಿತ್ತು, ಬೀದಿಗೆ ಕೇಳುತ್ತಿತ್ತು ಎಂಬುದು ಮಾತ್ರ ಅವರ ತಲೆಗೆ ಹೋಗುವುದಿಲ್ಲ. ಹನ್ನೊಂದು ವರ್ಷದ ಆ ಹುಡುಗನಿಗೆ ಮೊದಲು ಅರ್ಹತೆಯ ಪರೀಕ್ಷೆ ಯಾರು ಮಾಡಿದ್ದರು?

ಕೊಟ್ಟ ಪುಸ್ತಕ ಮರಳುವುದಿಲ್ಲ ಎನ್ನುತ್ತಾರೆ. ನಿಜ. ನಮ್ಮ ಸಂಶೋಧಕರ ಕುಲವೇನೂ ಸಾಚಾ ಅಲ್ಲ. ಬ್ಲೇಡಿನಿಂದ ಪುಟ ಕೊಯ್ದುಕೊಂಡು ಹೋದವರ ಗುರುತು ನಮ್ಮ ಗ್ರಂಥಾಲಯಗಳ ಹಳೆಯ ಪತ್ರಿಕೆಗಳಲ್ಲಿ ಬೇಕಾದಷ್ಟಿದೆ. ಅದಕ್ಕೇ ಎರವಲು ಕೇಳುತ್ತಿಲ್ಲ. ನಿಮ್ಮ ಮನೆಯಲ್ಲೇ, ನಿಮ್ಮ ಕಣ್ಣೆದುರೇ, ಮೊಬೈಲಿನಿಂದ ತೆಗೆದುಕೊಳ್ಳುವ ಫೋಟೊ ಕೇಳುತ್ತಿದ್ದೇನೆ.

ಇನ್ನು ಹಕ್ಕಿನ ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಣಕ್ಕೆ ರಕ್ಷಣೆ ಪ್ರಕಟವಾದ ಮೇಲೆ 60 ವರ್ಷ, ಪುಸ್ತಕಕ್ಕೆ ಲೇಖಕ ತೀರಿದ ಮೇಲೆ 60 ವರ್ಷ. 1930ರ ದಶಕದ ತಟ್ಟೆಯ ಧ್ವನಿಮುದ್ರಣ ಎಂದೋ ಸಾರ್ವಜನಿಕವಾಗಿದೆ. ತಟ್ಟೆ ಕೊಂಡವರಿಗೆ ಅರಗಿನ ಆ ವಸ್ತು ಸೇರಿದ್ದು, ಒಳಗಿನ ದನಿ ಸೇರಿದ್ದಲ್ಲ. ಬೀಳಗಿಯಿಂದ ಹೋಗಿ ದೇಶಕ್ಕೆಲ್ಲ ಹಾಡಿದ ಅಮೀರ್‌ಬಾಯಿ, ಗೋಹರಬಾಯಿ ಸಹೋದರಿಯರ ತಟ್ಟೆಯೊಂದು ಯಾರದೋ ಅಟ್ಟದ ಮೇಲೆ ಇದ್ದರೆ ಅದನ್ನು ಕೇಳುವ ಹಕ್ಕು ಬೀಳಗಿಯವರಿಗೂ ಇದೆ.

ಒಂಟಿ ಪ್ರತಿ ಎಷ್ಟು ದಿನ ಬಾಳುತ್ತದೆ? 2019ರ ಆಗಸ್ಟಿನಲ್ಲಿ ಘಟಪ್ರಭೆ ಮುಧೋಳ ಸೀಮೆಯ ಊರುಗಳಿಗೆ ನುಗ್ಗಿದಾಗ ಜನ ಮಕ್ಕಳನ್ನು, ದನಗಳನ್ನು ಹೊರಗೆ ತಂದರು. ಕಪಾಟನ್ನು ಯಾರು ತರುತ್ತಾರೆ? ನೀರು ಬರದಿದ್ದರೆ ಒರಲಿ ಇದೆ. ಕ್ಯಾಸೆಟ್ಟಿಗೆ ಬೂಸು ಹಿಡಿಯುತ್ತದೆ. ಇವೆಲ್ಲಕ್ಕಿಂತ ಖಚಿತವಾದದ್ದು ಸಂಗ್ರಹಕಾರರ ಮರಣ. ಹದಿಮೂರು ದಿನ ಮುಗಿದ ಮೇಲೆ ಮಕ್ಕಳು ಮನೆ ಖಾಲಿ ಮಾಡುತ್ತಾರೆ, ರದ್ದಿಯವನು ತಕ್ಕಡಿ ತರುತ್ತಾನೆ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಒಳಗೆ ಏನಿದೆ ಎಂದು ಅಪ್ಪ ಅವರಿಗೂ ಹೇಳಿರಲಿಲ್ಲ.

ಆದ್ದರಿಂದ ಕೊನೆಯ ಪಕ್ಷ ಪಟ್ಟಿ ಮಾಡಿ. ನೂರು ಪುಟದ ಒಂದು ನೋಟ್‌ಬುಕ್ ಸಾಕು. ಪುಸ್ತಕವಾದರೆ ಹೆಸರು, ಬರೆದವರು, ಮುದ್ರಣಾಲಯ, ಊರು, ವರ್ಷ. ತಟ್ಟೆಯಾದರೆ ಲೇಬಲ್ಲಿನ ಮೇಲಿರುವುದನ್ನೆಲ್ಲ ಇದ್ದ ಹಾಗೆ, ಜೊತೆಗೆ ಲೇಬಲ್ಲಿನ ಪಕ್ಕ ಅರಗಿನಲ್ಲೇ ಒತ್ತಿರುವ ಸಂಖ್ಯೆ. ಧ್ವನಿಮುದ್ರಣದ ಕಾಲ ಹಿಡಿಯಲು ಅದು ನೆರವಾಗುತ್ತದೆ. ಕ್ಯಾಸೆಟ್ಟಾದರೆ ಯಾರು, ಎಲ್ಲಿ, ಯಾವಾಗ, ತಬಲಾ ಯಾರದು. ರಾಗ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಿರಿ, ಊಹಿಸಬೇಡಿ. ಹಾಡಿನ ಪುಸ್ತಿಕೆಯ ಮುಖಪುಟ ಹರಿದಿದ್ದರೆ ಎಸೆಯಬೇಡಿ. ಹಿಂದಿನ ರಕ್ಷಾಪುಟದ ಜಾಹೀರಾತನ್ನು ಪೂರ್ತಿ ಇಳಿಸಿಕೊಳ್ಳಿ. ಅದೇ ಕಂಪನಿಯ ಬೇರೆ ನಾಟಕಗಳ ಹೆಸರು ಎಷ್ಟೋ ಸಲ ಅಲ್ಲಿರುತ್ತದೆ, ಆ ನಾಟಕಗಳ ಪುಸ್ತಿಕೆ ಇನ್ನಾರದೋ ಕಪಾಟಿನಲ್ಲಿರುತ್ತದೆ.